ವಾಡೇದ ಬಾವಲಿಗೆ ನಾ ತಾಟು ಬಡಿದ ಸಂಜಿ

ಹಾಲು ಹಾಕಾಕ ಬರೋ ಅಕ್ಕಗ ಎರಡು ಸಲ ಹೇಳೀನಿ. ಮೂರನೇ ಸಲಕ್ಕ ಆಕಿ ಕ್ಯಾನ್ ಎತಗೊಂಡು, "ಗೊತ್ತೈತ್ರಿ ಅತ್ತಿ, ಬಾವಲಿ ಬಂದೂ, ಹೋದೂ" ಅಂದು ನಡದಬಿಟ್ಟಳು. ಕೇಳೂ ಮಂದಿ ಮುಗದರು, ಅದಕ್ಕ ಬರಿಯಾಕ ಕುಂತೀನಿ. ನಂದು ಮೂರನೇ ಇಯತ್ತೆ ಶಾಲಿ, ಕೈ ನಿಧಾನ. ಖುಷಿ ಮಾತ್ರ ನಿಧಾನ ಇಲ್ಲ.

ನನ್ನ ಮೊಮ್ಮಗಳು ಚಿಕ್ಕೋಡಿ ಕಾಲೇಜಿನ್ಯಾಗ ಓದತಾಳ. ಎರಡು ವರ್ಷದಿಂದ ಆಕಿಗೆ ಬಾವಲಿ ಹುಚ್ಚು. ಹುಡುಗ್ಯಾರಿಗೆ ಸೀರಿ ಹುಚ್ಚು, ಮೊಬೈಲ್ ಹುಚ್ಚು ಇರೋದು ನೋಡೀನಿ. ತೊಗಲಬಾವಲಿ ಹುಚ್ಚು ನಮ್ಮ ಮನ್ಯಾಗನ ಮೊದಲು. ಉಗಾರದಿಂದ ಈಚೆ, ಹೊಳಿ ದಂಡಿಗೆ ಒಂದು ಹಳೇ ವಾಡೇ, ಅಂದ್ರ ಸಾವಕಾರ ಮಂದಿ ದೊಡ್ಡಮನಿ, ಐತಿ. ಆನೆ ಹೋಗುವಂಥ ಬಾಗಲ, ಮಾರಗಲ ಗ್ವಾಡಿ. ಹಿಂದಿನ ಕುದರಿ ಲಾಯದ ಗ್ವಾಡಿ ಸಂದ್ಯಾಗ ಸಣ್ಣ ಬಾವಲಿ ಅದಾವ. ಈಕಿ ವಾರಕ್ಕೊಮ್ಮೆ ಅಲ್ಲಿ ಹೋಗಿ ಪುಸ್ತಕ ಹಿಡಕೊಂಡು ಕುಂದರತಿದ್ದಳು.

ಆ ವಾಡೇದ ಯಜಮಾನತಿ ನನಗಿಂತ ಎರಡು ವರ್ಷ ಹಿರೇರು. ಎಲ್ಲಾರೂ ಬಾಯಿಸಾಹೇಬರು ಅಂತಾರ. ಸಂಕ್ರಾಂತಿ ಮುಗದ ಮ್ಯಾಲೆ ಅವರು ಲಾಯ ದುರಸ್ತಿ ಮಾಡಸಾಕ ನಿಂತರು. "ಸೋಮವಾರ ಗೌಂಡಿ ಬರತಾನ. ಸಿಮೆಂಟ್ ಹಾಕಿ ಎಲ್ಲಾ ಸಂದಿ ಮುಚ್ಚಸ್ತೀನಿ. ವಾಸ್ನಿ ತಡಕೊಂಡು ಸಾಕಾಗೇತಿ" ಅಂದುಬಿಟ್ಟರಂತ. ಈಕಿ ಕೈ ಮುಗದು, "ಶನಿವಾರ ಒಂದ ಸಂಜಿ ಕೊಡ್ರಿ. ಮಂದಿ ಕರಸಿ ಬಾವಲಿ ತೋರಸ್ತೀನಿ. ನೀವೂ ಕುಂತು ನೋಡ್ರಿ. ಆಮ್ಯಾಲೂ ಮುಚ್ಚಬೇಕನಸಿದರ ಮುಚ್ಚರಿ, ನಾ ಬಾಯಿ ಬಿಡೂದಿಲ್ಲ" ಅಂದು ಬಂದಿದ್ದಳು.

ಮನಿಗೆ ಬಂದು ರೊಟ್ಟಿ ಮುರದು ತಾಟಿನ್ಯಾಗ ಹಂಗ ಇಟ್ಟಳು. "ಮುಚ್ಚಿದರ ಒಳಗಿನವು ಒಳಗ ಸಾಯ್ತಾವ ಅಜ್ಜಿ. ಅವು ಮರಿ ಹಾಕೂ ಜಾಗಾ ಅದು."

ಇನ್ನ ನಂದು ಕೇಳ್ರಿ. ನಮ್ಮದು ದ್ರಾಕ್ಷಿ ತ್ವಾಟ, ಪಡ ಅಂತೀವಿ. ನಲವತ್ತು ವರ್ಷ ನಾ ಬಾವಲಿ ಓಡಿಸಿದಾಕಿ. ಹಣ್ಣು ಸಿಹಿ ಆದಕೂಡಲೇ ದೀಪ ಹಚ್ಚೂ ಹೊತ್ತಿಗೆ ಸರಿಯಾಗಿ ಬರತಾವ, ಕರದು ಕಳಿಸಿದಂಗ. ಆ ಹೊತ್ತಿಗೆ ನಾ ಪಡದಾಗ ನಿಂತು ತಾಟು ಬಡದು ಕೂಗತಿದ್ದೆ. ನಮ್ಮ ಮನಿಯವರು, "ನಿನ್ನ ದನಿಗೆ ಬಾವಲಿ ಅಲ್ಲ, ಬೀಗರೂ ಈ ಕಡೆ ಹಾಯೂದಿಲ್ಲ" ಅಂತಿದ್ದರು. ಈಗ ಪಡದ ಮ್ಯಾಲೆ ಬಲೀ ಹೊದಸ್ತೀವಿ, ಕೂಗೂ ಕೆಲಸ ಇಲ್ಲ. ಹಿಂಗಿದ್ದಾಕಿ ಶನಿವಾರ ಮೊಮ್ಮಗಳ ಸ್ಕೂಟಿ ಹಿಂದ ಕುಂತು ಬಾವಲಿ ನೋಡಾಕ ಹೊಂಟಿದ್ದೆ!

ದಾರ್ಯಾಗ ಕಬ್ಬಿನ ಟ್ರ್ಯಾಕ್ಟರ್ ಹಿಂದ ಸಿಕ್ಕೊಂಡು ನಿಂತಾಗ ಕೇಳಿದಳು, "ಅಜ್ಜಿ, ಇವತ್ತ ಅವು ಹೊರಗ ಬರಲಿಲ್ಲಂದ್ರ?"

"ಹಸದ ಮ್ಯಾಲೆ ಅಳಿಯಂದಿರೂ ಸಿಟ್ಟು ಬಿಟ್ಟು ಹೊರಗ ಬರತಾರ, ಬಾವಲಿ ಬರೂದಿಲ್ಲೇನ? ನೀ ಗಾಡಿ ನೋಡಿ ಹೊಡಿ."

ಲಾಯದ ಮುಂದ ಜಮಖಾನಿ ಹಾಸಿದ್ದರು. ಇಪ್ಪತ್ತೈದು ಮಂದಿ ಇದ್ದರು. ನನ್ನ ಮುಂದ ಒಬ್ಬ ಮಾಸ್ತರು, ಬಾಜೂಕ ನಿಪ್ಪಾಣಿಯಿಂದ ಬಂದ ಒಬ್ಬ ಮರಾಠಿ ಕಾಕಿ. ವಾಡೇದವರು ಎಲ್ಲಾರಿಗೂ ಸ್ಟೀಲ್ ತಾಟಿನ್ಯಾಗ ಚುನಮುರಿ ಕೊಟ್ಟರು, ಚಮಚಾ ಹಾಕಿ. ಬಾಯಿಸಾಹೇಬರು ದೂರ ಕುರ್ಚಿ ಹಾಕಿಸಿಕೊಂಡು, ಸೆರಗಿಲೆ ಮೂಗು ಮುಚ್ಚಿ ಕುಂತಿದ್ದರು.

ಮೊಮ್ಮಗಳು ಎದ್ದು ನಿಂತಳು. ಮೊದಲ ಸ್ವಲ್ಪ ದನಿ ನಡಗಿತು, ಆಮ್ಯಾಲೆ ನೋಡ್ರಿ! ಕನ್ನಡದಾಗ ಒಮ್ಮೆ, ಮರಾಠಿಯಾಗ ಒಮ್ಮೆ. ಬಾವಲಿ ಕುರುಡಲ್ಲ, ಕೂದಲದಾಗ ಬಂದು ಸಿಗೂದಿಲ್ಲ ಅಂದಳು. ಕಾಕಿ ತಲಿ ತುಂಬ ಸೆರಗು ಹೊತಗೊಂಡು, "ಹೋ, ಹೋ" ಅಂತ ತಲಿ ಆಡಿಸಿದಳು. ಮೊಮ್ಮಗಳ ಕೈಯಾಗ ಕಾಲೇಜಿನಿಂದ ತಂದ ಸಣ್ಣ ಡಬ್ಬಿಯಂಥ ಮಷೀನ್ ಇತ್ತು. ಬಾವಲಿ ಕೂಗೂದು ನಮ್ಮ ಕಿವಿಗೆ ಕೇಳೂದಿಲ್ಲಂತ, ಅದಕ್ಕ ಕೇಳತೈತಂತ, ಕೇಳಿ ನಮಗೂ ಗೊತ್ತಾಗೂವಂಗ ಸಪ್ಪಳ ಮಾಡತೈತಂತ.

"ಈಗ ಯಾರೂ ಸಪ್ಪಳ ಮಾಡಬ್ಯಾಡ್ರಿ. ಮೊದಲ ಎರಡು ಮೂರು ಬಂದು ನೋಡಿ ಹೋಗತಾವ. ಅವಕ್ಕ ಭರೋಸಾ ಬಂದ್ರ ಉಳದವು ಬರತಾವ" ಅಂದಳು.

ಗ್ವಾಡಿ ಕೆಂಪಾತು, ಆಮ್ಯಾಲೆ ಬೂದಿ ಬಣ್ಣಕ್ಕ ತಿರಗಿತು. ಸಂದಿಯೊಳಗಿಂದ ಒಂದು ಕರೀ ಚೂರು ಜಾರಿ ಗಾಳ್ಯಾಗ ತೇಲಿತು. ಅದರ ಹಿಂದ ಇನ್ನೊಂದು. ದೀಪ ಹಚ್ಚೂ ಹೊತ್ತು. ಕೈಯಾಗ ತಾಟು. ಕಣ್ಣ ಮುಂದ ಬಾವಲಿ. ಮುಂದಿಂದು ನಾ ಮಾಡಲಿಲ್ಲ, ನನ್ನ ಕೈ ಮಾಡಿತು.

ಠಣ್ ಠಣ್ ಠಣ್! "ಹುರ್ಯಾಽ ಹೋಽಽ!"

ಚುನಮುರಿ ಎಲ್ಲಾ ಮಾಸ್ತರ ತಲಿ ಮ್ಯಾಲೆ. ಓಣ್ಯಾಗ ನಾಯಿ ಬೊಗಳಿದೂ. ಆ ಎರಡು ಬಾವಲಿ ಸರ್ರನ ತಿರಗಿ ಸಂದಿಯೊಳಗ ಹೊಕ್ಕವು.

ಬಾಯಿಸಾಹೇಬರು ಕುರ್ಚಿಯಿಂದನ ಅಂದರು, "ಏನವಾ ಹುಡುಗಿ, ನಿಮ್ಮಜ್ಜಿ ಒಬ್ಬಾಕಿ ಇದ್ದರ ಸಾಕಲ್ಲ, ನಾ ಯಾಕ ಸಿಮೆಂಟ್ ತರಸಲಿ?"

ಎಲ್ಲಾರೂ ನಕ್ಕರು. ಮೊಮ್ಮಗಳು ನಗಲಿಲ್ಲ. ಜಮಖಾನಿ ಎತ್ತಿ ಅದರ ಕೆಳಗ ಹೋಗಿಬಿಡಲೇ ಅನಸ್ತು.

ಆಕಿ ಸೀದಾ ಬಂದು ನನ್ನ ಕೈಯಾಗಿನ ತಾಟು ಕಸಗೊಂಡಳು. ಬೈತಾಳ ಅಂತ ಕುಂತೆ. ಮಂದಿ ಕಡೆ ತಿರಗಿ, "ಇವರು ನಮ್ಮಜ್ಜಿ. ನಲವತ್ತು ವರ್ಷ ಬಾವಲಿಯಿಂದ ದ್ರಾಕ್ಷಿ ಕಾಯ್ದಾರ" ಅಂದಳು. "ಅಜ್ಜಿ, ನಿನ್ನ ಹಣ್ಣು ತಿನ್ನೂ ಬಾವಲಿ ಎಷ್ಟು ದೊಡ್ಡದು?"

ನಾ ಎರಡೂ ಕೈ ಚಾಚಿ, "ಇಷ್ಟಗಲ ರೆಕ್ಕಿ. ನಾಯಿಯಂಥ ಮಾರಿ" ಅಂದೆ.

"ಈಗ ಕಂಡಿದ್ದು?"

"ಅಯ್ಯ, ಅದೇನು... ಹೆಬ್ಬಟ್ಟಿನಷ್ಟು."

"ಅದು ಹಣ್ಣು ಮೂಸೂದೂ ಇಲ್ಲ. ಹುಳಾ ತಿಂತೈತಿ. ನಿನ್ನ ಪಡದಾಗಿನ ಪತಂಗ, ವಾಡೇದಾಗಿನ ಸೊಳ್ಳಿ."

"ಶಿವನ! ನಾ ಸಣ್ಣದು ದೊಡ್ಡದು ನೋಡದ ಎಲ್ಲಾನೂ ಓಡಿಸೀನಲ್ಲ! ಪುಕಟ ದುಡಿಯಾಕ ಬಂದವರಿಗೆ ತಾಟು ಬಡದು ಕಳಿಸೀನಿ!"

ಈ ಸಲ ಮೊಮ್ಮಗಳೂ ನಕ್ಕಳು. ಕುರ್ಚಿ ಕಡೆಯಿಂದ ದನಿ ಬಂತು, "ಸೊಳ್ಳಿ ತಿಂತಾವೇನ?" ಮೂಗಿನ ಮ್ಯಾಲಿನ ಸೆರಗು ಸರದಿತ್ತು.

ಎಲ್ಲಾರೂ ಸುಮ್ಮ ಕುಂತಿವಿ. ನಾ ನನ್ನ ಎರಡೂ ಕೈ ತೊಡಿ ಕೆಳಗ ಇಟ್ಟು ಅದರ ಮ್ಯಾಲೆ ಕುಂತೆ. ಮಷೀನ್ ಮೂಕಾಗಿತ್ತು. ಕತ್ತಲಿ ಇಳ್ಯಾಕತ್ತಿತ್ತು. ಇನ್ನ ಬರೂದಿಲ್ಲ, ನನ್ನ ಕೈಯಾರೆ ಹುಡುಗಿ ಸಂಜಿ ಹಾಳಾತು ಅಂದಕೊಂಡೆ.

ಚಟ್.

ಚಟ್ ಚಟ್. ಆಮ್ಯಾಲೆ ಹಂಚಿನ ಮ್ಯಾಲೆ ಜೋಳ ಅರಳಿದಂಗ ಚಟಪಟ ಚಟಪಟ! ಚೀಲದ ಬಾಯಿ ಬಿಚ್ಚಿದಂಗ ಸಂದಿಯಿಂದ ಸುರದವು ನೋಡ್ರಿ. ತಲಿ ಮ್ಯಾಲೆ, ಕಿವಿ ಬಾಜೂಕ, ಗಲ್ಲಕ್ಕ ಗಾಳಿ ಬಡದು ಹೋದವು, ಒಂದೂ ಯಾರಿಗೂ ತಾಕಲಿಲ್ಲ. ಕಾಕಿ ಸೆರಗು ಜಾರಿ ಹೆಗಲ ಮ್ಯಾಲೆ ಬಂದರೂ ಖಬರಿಲ್ಲ, "ಅಗ ಬಾಯಿ ಗಽ, ಕಿತೀ ಗೋಡ!" ಎಷ್ಟ ಮುದ್ದದಾವ ಅಂತ ಮರಾಠಿಯಾಗ ಅನಾಕತ್ತಿದ್ದಳು. ನನಗ ಮತ್ತ ಕೂಗು ಬಂತು. ಸೆರಗು ಬಾಯಾಗ ತುರಕಿಕೊಂಡೆ. ಕಣ್ಣಾಗ ನೀರು, ಹೊಟ್ಟ್ಯಾಗ ನಗಿ.

ಬಾಯಿಸಾಹೇಬರು ಎದ್ದು ಬಂದು, "ಆ ಡಬ್ಬಿ ಇಲ್ಲಿ ಕೊಡು" ಅಂದರು. ತಗೊಂಡವರು ತಿರಗಿ ಕೊಡಲಿಲ್ಲ. ಅಂಗಳ ತುಂಬ ಅಡ್ಯಾಡಿ, "ಇಲ್ಲಿ ಬರ್ರಿ, ಇಲ್ಲಿ ಕೇಳ್ರಿ!" ಅಂತ ಮಂದೀನ ತಾವ ಕರಿಯಾಕತ್ತರು.

ಎಲ್ಲಾ ಮುಗದು ಮಂದಿ ಹೊಂಟರು. ಸಿಮೆಂಟಿನ ಮಾತು ಬಾಯಿಸಾಹೇಬರು ಎತ್ತಲಿಲ್ಲ. ಮೊಮ್ಮಗಳು ಚೀಲದ ದಾರ ಬಿಚ್ಚತಾಳ, ಕಟ್ಟತಾಳ. ಬಾಯಿ ಬಿಡೂದಿಲ್ಲಂತ ಮಾತು ಕೊಟ್ಟಾಕಿ ಆಕಿ, ನಾ ಅಲ್ಲ. "ಬಾಯಿಸಾಹೇಬ್ರ, ಸೋಮವಾರ ಗೌಂಡಿ ಬರತಾನೇನ್ರಿ?" ಅಂತ ಕೇಳೇ ಬಿಟ್ಟೆ.

"ಬರತಾನ."

ನಾ ಮೊಮ್ಮಗಳ ಕೈ ಹಿಡಕೊಂಡೆ.

"ಬರಲೇಬೇಕಲ್ಲ, ಗ್ವಾಡಿ ಬೀಳಾಕತ್ತೈತಿ. ಹುಡುಗಿ, ನೀ ಎಂಟಕ್ಕ ಇಲ್ಲಿರಬೇಕು. ಎಲ್ಲೆಲ್ಲಿ ಸಂದಿ ಬಿಡಬೇಕು ಅವಗೇನು ಗೊತ್ತು?"

ಸೋಮವಾರ ಏಳೂವರಿಗೇ ಹೋದಿವಿ. ಮೊಮ್ಮಗಳು ನಿಚ್ಚಣಿಕಿ ಹತ್ತಿ ಸಂದಿಗೆ ಹೆಬ್ಬಟ್ಟು ಹಿಡದು, "ಇಷ್ಟು ಬಿಡ್ರಿ ಮಾಮಾ" ಅಂದಳು. ಗೌಂಡಿ, "ಸಂದಿ ಮುಚ್ಚಾಕ ಊರೆಲ್ಲ ಕರೀತೈತಿ. ಸಂದಿ ಬಿಡಾಕ ಕರದವರು ನೀವ ಮೊದಲು" ಅಂತ ಗೊಣಗಿದ. ನಾ ಕೆಳಗ ನಿಚ್ಚಣಿಕಿ ಗಟ್ಟಿ ಹಿಡದಿದ್ದೆ. ಬಾಜೂಕ ನಿಂತ ಬಾಯಿಸಾಹೇಬರು ಕೋಲು ಎತ್ತಿ, "ಇನ್ನೊಂಚೂರು ದೊಡ್ಡದು ಬಿಡೋ, ಬಸರಿದ್ದವು ಹೆಂಗ ಹಾಯಬೇಕು?" ಅಂದರು.

ನನಗ ನಗಿ ತಡೀಲಿಲ್ಲ. ನಿಚ್ಚಣಿಕಿ ಗಡಗಡ ಅಂತು. ಮ್ಯಾಲಿಂದ ಮೊಮ್ಮಗಳು, "ಅಜ್ಜೀ, ನಗಬ್ಯಾಡ ಬೇ, ಬೀಳತೀನಿ!" ಅಂತ ತಾನೂ ನಕ್ಕೋತ ಕೂಗಾಕತ್ತಿದ್ದಳು.