ನುಂಗಿದ ಮೇಲೆ ಒಂದು ಸುಳ್ಳು

ಅರ್ಧ ಲೋಕ ತನ್ನೆದುರು ಬಾಯಿ ತೆರೆದು ನಿಂತಿದೆ ಎಂದು ಆಯಮ್ಮ ಕೊಚ್ಚಿಕೊಳ್ಳುತ್ತಾಳೆ. ಅದರಲ್ಲಿ ಅರ್ಧ ಬುರುಡೆ ಎಂದು ತಾನೇ ಒಪ್ಪುತ್ತಾಳೆ. "ಕೆಲವರು ಬರೀ ಆಕಳಿಸ್ತಿದ್ರು. ಅವರನ್ನೂ ಸೇರಿಸ್ಕೊಂಡೆ."

ಬೆಳಕು ಹರಿಯುವ ಹೊತ್ತು. ಮಕ್ಕಳ ಮಾನಸಿಕ ಆರೋಗ್ಯ ವಾರ್ಡಿನಲ್ಲಿ ಮಾತ್ರೆ ಹಿಡಿದ ನರ್ಸ್ ಮುಂದೆ, ನೀರಿನ ಜಗ್ಗು ಹಿಡಿದ ಆಯಮ್ಮ ಹಿಂದೆ. ಒಂದು ವಾರ ಪಾತಾಳಕ್ಕಿಳಿದು ಮರುವಾರ ಮುಗಿಲಿಗೇರುವ ಮನಸ್ಸುಗಳನ್ನು ನೆಲದ ಮೇಲೆ ನಿಲ್ಲಿಸುವ ಮಾತ್ರೆಗಳವು. ಅವನ್ನು ದವಡೆಯಲ್ಲಿ ಅಡಗಿಸಿಟ್ಟು ಆಮೇಲೆ ಉಗಿಯುವುದರಲ್ಲಿ ಮಕ್ಕಳು ನಿಸ್ಸೀಮರು. ಅವರ ಬಾಯಿಗೆ ಬೆರಳು ಹಾಕಲು ಆಯಮ್ಮನಿಗೆ ಮನಸ್ಸಿಲ್ಲ. ಅದಕ್ಕೇ ಅವಳದೊಂದು ಕಟ್ಟಳೆ: ನುಂಗಿದವರು ಒಂದು ದೊಡ್ಡ ಸುಳ್ಳು ಹೇಳಬೇಕು. ಮಾತ್ರೆ ಬಾಯಲ್ಲೇ ಇದ್ದರೆ ಸುಳ್ಳು ತೊದಲುತ್ತದೆ.

ಗಂಡ ತೀರಿಕೊಂಡ ಮೇಲೆ ನೆಲ ಒರೆಸಲು ಸೇರಿದವಳು ಅವಳು. "ಓದು ಹತ್ತಲಿಲ್ಲ. ಮೇಷ್ಟ್ರಿಗೇ ಜ್ವರ ಬರಿಸಿದೋಳು ನಾನು."

ಕಿಟಕಿ ಪಕ್ಕದ ಮಂಚದಲ್ಲಿದ್ದ ಹುಡುಗಿಗೆ ಹದಿನಾಲ್ಕು. ಹಿಂದೊಮ್ಮೆ ಮಗಳು ನಕ್ಕಿದ್ದೇ ತಡ, ವಾಸಿಯಾಯಿತೆಂದು ತಾಯಿ ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಿದ್ದಳು. ನಗು ಹೋಯಿತು, ಊಟ ಹೋಯಿತು, ಬದುಕೇ ಬೇಡ ಎನ್ನುವಲ್ಲಿಗೆ ಬಂದು ಹುಡುಗಿ ಮತ್ತೆ ವಾರ್ಡ್ ಸೇರಿದಳು. ಈ ಸಲ ಮಾತ್ರೆ ತಪ್ಪಿಸತೊಡಗಿದ್ದು ಅವಳೇ. ಕಳೆದ ತಿಂಗಳ ಒಂದು ಬೆಳಿಗ್ಗೆ ಅವಳ ಸುಳ್ಳು ತೊದಲಿತು.

ಆಯಮ್ಮ ಬೈಯಲಿಲ್ಲ. ಜಗ್ಗು ಕೆಳಗಿಟ್ಟು ಮಂಚದ ಅಂಚಿಗೆ ಕೂತುಬಿಟ್ಟಳು, ಏಳುವ ಲಕ್ಷಣವೇ ಇಲ್ಲ. ಕೊನೆಗೆ ಹುಡುಗಿ ಒದ್ದೆ ಮಾತ್ರೆಯನ್ನು ಅಂಗೈಗೆ ಉಗಿದಳು.

"ಇದು ತಗೊಂಡ್ರೆ ಅಳುನೂ ಬರಲ್ಲ, ನಗುನೂ ಬರಲ್ಲ ಅಜ್ಜಿ. ಕೊರಡಿನ ಥರ ಬಿದ್ದಿರ್ತೀನಿ."

"ಇದನ್ನ ಡಾಕ್ಟ್ರಮ್ಮಂಗೆ ಹೇಳಿದ್ಯಾ? ನಡಿ, ನಾನು ಪಕ್ಕದಲ್ಲಿ ನಿಲ್ತೀನಿ. ಬೈದ್ರೆ ನನ್ನನ್ನ ಬೈಲಿ. ನನ್ನ ಮುಂದೆ ಆನೆ ಚರ್ಮ ರೇಷ್ಮೆ."

ಡಾಕ್ಟರೂ ಬೈಯಲಿಲ್ಲ. ಪೂರ್ತಿ ಕೇಳಿಸಿಕೊಂಡರು, ರಕ್ತ ಪರೀಕ್ಷೆ ಮಾಡಿಸಿ ಪ್ರಮಾಣ ತಗ್ಗಿಸಿದರು. ನಗು ಬಂದರೆ ಮಾತ್ರೆ ಕೆಲಸ ಮಾಡುತ್ತಿದೆ ಎಂದರ್ಥ, ಕೆಲಸ ಮುಗಿಯಿತೆಂದಲ್ಲ ಎಂದು ತಾಯಿಗೆ ಬಿಡಿಸಿ ಹೇಳಿದರು. ಸ್ವಲ್ಪ ದಿನಕ್ಕೆ ಹುಡುಗಿ ಮನೆಗೆ ಹೋದಳು. ಮಾತ್ರೆ ತಾಯಿಯ ಕೈಗೆ ಹೋಯಿತು, ಆಯಮ್ಮನ ನಿದ್ದೆಯೂ ಜೊತೆಗೆ ಹೋಯಿತು.

ಆಸೆ ಏನೆಂದು ಕೇಳಿದರೆ, "ಮಕ್ಳು ನನ್ನ ಮರೀಬೇಕು. ಬೀದೀಲಿ ಸಿಕ್ರೆ ಯಾವಳೋ ಮುದುಕಿ ಅಂತ ಮುಂದೆ ಹೋಗ್ಬೇಕು" ಎನ್ನುತ್ತಾಳೆ.

ಇಂದು ಆ ಹುಡುಗಿ ತಪಾಸಣೆಗೆ ಬಂದಿದ್ದಾಳೆ. ಡಾಕ್ಟರ ಕೋಣೆಯ ಬಾಗಿಲು ಮುಚ್ಚಿದೆ. ಹೊರಗೆ ಆಯಮ್ಮ ಒರೆಸಿದ ಜಾಗವನ್ನೇ ಒರೆಸುತ್ತಿದ್ದಾಳೆ. ಒಳಗಿನಿಂದ ತಾಯಿ ಮಗಳ ಜಗಳ ಕೇಳಿಸುತ್ತದೆ. ನಿನ್ನೆ ಮಾತ್ರೆ ಕೊಡಲು ಅಮ್ಮ ತಡ ಮಾಡಿದಳೆಂದು ಮಗಳು ಗದರುತ್ತಿದ್ದಾಳೆ, ಅಮ್ಮ ತಪ್ಪು ಒಪ್ಪುತ್ತಿಲ್ಲ.

ಆಯಮ್ಮ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡು, ಸರದಿಗೆ ಕಾಯುತ್ತ ಕೂತ ನಮ್ಮತ್ತ ತಿರುಗುತ್ತಾಳೆ.

"ಕಂಡೋರ ಮನೆ ಜಗಳ ಕೇಳ್ಕೊಂಡು ನಾನ್ಯಾಕೆ ಹಿಂಗೆ ನಗ್ತಿದೀನಿ? ನೀವೇ ಊಹೆ ಮಾಡಿ."