ಎರಡೋ ಒಂದೋ ಎಂದು ಬಾಲ ಎಣಿಸುವ ಅಕ್ಕ

ಬೆಳಗಿನ ಆರೂಕಾಲು. ಪ್ರಯೋಗಾಲಯದ ಉದ್ದನೆಯ ಕೋಣೆಯಲ್ಲಿ ತೊಟ್ಟಿಗಳ ಗುಳುಗುಳು ಬಿಟ್ಟರೆ ಬೇರೆ ಸದ್ದಿಲ್ಲ. ಕಿಟಕಿ ಪಕ್ಕದ ಮೇಜಿನಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಸೂಕ್ಷ್ಮದರ್ಶಕಕ್ಕೆ ಕಣ್ಣು ಕೊಟ್ಟು, ಅಕ್ಕಿಕಾಳಿನಷ್ಟು ಉದ್ದದ ಮೀನುಮರಿಯನ್ನು ಸೂಜಿಯ ತುದಿಯಿಂದ ಮಗ್ಗುಲಿಗೆ ಹೊರಳಿಸುತ್ತಾರೆ. ಮರಿಯ ಮಾಂಸ ಗಾಜಿನಂತೆ ತಿಳಿ. ಒಳಗೆ ಮೂಳೆ ಕೆಂಪು, ಇನ್ನೂ ಗಟ್ಟಿಯಾಗದ ಮೆದುಮೂಳೆ ನೀಲಿ. "ಇದು ಎರಡೋ, ಒಂದೋ?" ಎಂದು ತಮ್ಮನ್ನೇ ಕೇಳಿಕೊಳ್ಳುತ್ತಾರೆ. ಕನ್ನಡಕ ಒರೆಸಿ ಮತ್ತೆ ಬಾಗುತ್ತಾರೆ.

ಇಲ್ಲಿ ಎಲ್ಲರಿಗೂ ಅವರು 'ಬಾಲದಕ್ಕ'. ಸತ್ತ ಮರಿಗಳನ್ನು ಬಣ್ಣದಲ್ಲಿ ನೆನೆಸಿ, ಮಾಂಸ ತಿಳಿಯಾಗಿಸಿ, ಬಾಲದ ಮೂಳೆ ಎಣಿಸುವುದು ಹತ್ತೊಂಬತ್ತು ವರ್ಷಗಳ ಕಾಯಕ. ದಿನಕ್ಕೆ ನಲವತ್ತು ಮೀನು. ಬೆನ್ನುಮೂಳೆಯ ತುದಿ ಮೇಲಕ್ಕೆ ಬಾಗುತ್ತದೆ. ಅದರಡಿ ಬೀಸಣಿಗೆಯಂತೆ ಹರಡಿದ ಪುಟ್ಟ ತಟ್ಟೆಗಳು ಈಜುರೆಕ್ಕೆಯನ್ನು ಹೊರುತ್ತವೆ. ಅವೆಷ್ಟೆಂದು ಬರೆಯಬೇಕು. "ನಮ್ಮತ್ತೆ ಕೇಳ್ತಿರ್ತಾರೆ, 'ಇವತ್ತಾದ್ರೂ ತಲೆ ಕಡೆ ಬಂದ್ಯೇನೇ?' ಅಂತ" ಎಂದು ನಗುತ್ತಾರೆ.

ಹೋದ ವರ್ಷ ಆ ನಗು ಮಾಯವಾಗಿತ್ತು. ಒಂದೇ ತೊಟ್ಟಿಯ ಇನ್ನೂರ ಹನ್ನೆರಡು ಮರಿ. ಈ ಜಾತಿಗೆ ಐದು ತಟ್ಟೆ ಇರಬೇಕು. ಮೂವತ್ತೊಂದಕ್ಕೆ ನಾಲ್ಕೇ ಸಿಕ್ಕವು. ಮತ್ತೆ ಎಣಿಸಿದರೆ ನಾಲ್ಕಿರುವ ಮರಿ ಮೂವತ್ತೆಂಟು. ಮೂರನೇ ಸಲ ಇಪ್ಪತ್ತಾರು! ಪ್ರಯೋಗಾಲಯದ ಮುಖ್ಯಸ್ಥೆ ಲೆಕ್ಕದ ಪುಸ್ತಕ ನೋಡಿ, "ಅಕ್ಕಾ, ಬಣ್ಣ ಸರಿಯಾಗಿ ಹಿಡಿದಿಲ್ವೇನೋ. ಹೀಗಾದ್ರೆ ಈ ತೊಟ್ಟೀನೇ ಕೈಬಿಡ್ಬೇಕಾಗತ್ತೆ" ಎಂದರು. ಗದರಲಿಲ್ಲ. ಅದೇ ಹೆಚ್ಚು ಚುಚ್ಚಿತು.

"ಕಣ್ಣು ಕೈಕೊಡ್ತು ಅಂದ್ಕೊಂಡೆ. ಡಾಕ್ಟ್ರು ನೋಡಿ, ಕಣ್ಣಿಗೇನೂ ಆಗಿಲ್ಲ ಅಂದ್ರು. ಹಾಗಾದ್ರೆ ಕೆಟ್ಟಿರೋದು ತಲೆ ಅಂತಾಯ್ತಲ್ಲ! ಮನೆ ಬೀಗ ಹಾಕಿದ್ನಾ ಅಂತ ದಾರಿಯಿಂದ ಮೂರು ಸಲ ವಾಪಸ್ ಹೋಗಿ ನೋಡ್ತಿದ್ದೆ."

ಪ್ರತಿ ತೊಟ್ಟಿಯ ಮರಿಗಳನ್ನು ಮೊಟ್ಟೆಯೊಡೆದ ದಿನದಿಂದ, ಯಾರೂ ಕೇಳದಿದ್ದರೂ, ದಿನಕ್ಕೆರಡರಂತೆ ಬಾಟಲಿಯಲ್ಲಿ ತೆಗೆದಿಡುವುದು ಅವರ ರೂಢಿ. ಬೇರೆ ದಾರಿ ಕಾಣದೆ ಆ ತೊಟ್ಟಿಯವನ್ನೆಲ್ಲ ಕಪಾಟಿನಿಂದ ಇಳಿಸಿ, ವಯಸ್ಸಿನ ಪ್ರಕಾರ ಸಾಲಾಗಿ ಜೋಡಿಸಿದರು. ಎಳೆಯವುಗಳಲ್ಲಿ ಐದೂ ತಟ್ಟೆ ಬಿಡಿಬಿಡಿ. ನಾಲ್ಕಾರು ದಿನ ಕಳೆದ ಕೆಲವುಗಳಲ್ಲಿ ಕೆಳಗಿನೆರಡರ ಬುಡಕ್ಕೆ ಕೂದಲೆಳೆಯಷ್ಟು ಬೆಸುಗೆ. ಇನ್ನೂ ಬಲಿತವುಗಳಲ್ಲಿ ಕೆಲವಕ್ಕೆ ಎರಡೂ ಕೂಡಿ ಒಂದೇ ತಟ್ಟೆ, ಕೆಲವಕ್ಕೆ ಬೇರೆಬೇರೆಯೇ. ಒಮ್ಮೆ ಎರಡಾಗಿ, ಒಮ್ಮೆ ಒಂದಾಗಿ ಕಂಡು ಲೆಕ್ಕ ತಪ್ಪಿಸಿದ ಮರಿಗಳು ಆ ನಡುದಾರಿಯಲ್ಲಿದ್ದವು.

ಮುಖ್ಯಸ್ಥೆ ಆ ಸಾಲನ್ನು ಮುಕ್ಕಾಲು ಗಂಟೆ ನೋಡಿದರು. ಆಮೇಲೆ ತಲೆಯೆತ್ತಿ, "ಇದನ್ನ ಏನಂತ ಬರೀಬೇಕೋ ನನಗೂ ಗೊತ್ತಾಗ್ತಿಲ್ಲ ಅಕ್ಕಾ" ಎಂದರು. ಬಾಲದಕ್ಕನಿಗೆ ಕಣ್ಣು ತುಂಬಿ ಬಂತು. ತೊಟ್ಟಿ ಉಳಿಯಿತು. ಪುಸ್ತಕದಲ್ಲಿ 'ಕೂಡುತ್ತಿದೆ' ಎಂಬ ಹೊಸ ಕಾಲಂ ಸೇರಿತು.

ಹಾಗೆಂದು ಗೊಂದಲ ತೀರಿತೆ? ಪೂರ್ತಿ ಬೆಳೆದರೂ ಬೆಸುಗೆ ಅರ್ಧಕ್ಕೇ ನಿಂತ ಹನ್ನೊಂದು ಮೀನು ಅವರ ಕಪಾಟಿನಲ್ಲಿವೆ.

"ಒಂದೇ ನೀರು, ಒಂದೇ ಮೇವು, ಒಂದೇ ತಾಯಿ. ಇವು ಯಾಕೆ ಹೀಗೆ? ನಿವೃತ್ತಿ ಆಗೋದ್ರೊಳಗೆ ಯಾರಾದ್ರೂ ಹೇಳಿದ್ರೆ ಸಂತೋಷ. ಹೇಳ್ದಿದ್ರೂ ಪರವಾಗಿಲ್ಲ. ಮುಂದೆ ಬರೋರು ನೋಡ್ಲಿ ಅಂತ ಚೀಟಿ ಮೇಲೆ ತಾರೀಖು ಸರಿಯಾಗಿ ಬರೆದಿಟ್ಟಿದ್ದೀನಿ."