ಪಟಿಕ ಸುಡುವ ಜಾಹೇದಾಬಿ

ಮಗು ಬೆಚ್ಚಿಬಿದ್ದರೆ, ಕಾರಣವಿಲ್ಲದೆ ಅತ್ತರೆ, ಸಿಟ್ಟಿಗೆದ್ದು ತಲೆ ಚಚ್ಚಿಕೊಂಡರೆ ನಮ್ಮ ಕಮಲಾಪುರದ ಹೆಂಗಸರು ಮೊದಲು ಹುಡುಕುವುದು ಡಾಕ್ಟರನ್ನಲ್ಲ, ಜಾಹೇದಾಬಿಯನ್ನು. ಬಸ್‌ಸ್ಟ್ಯಾಂಡಿನ ಎದುರು ಬುಟ್ಟಿ ಇಟ್ಟುಕೊಂಡು ಕೆಂಪು ಬಾಳೆಹಣ್ಣು ಮಾರುವ ಮುದುಕಿ ಆಕೆ. ಗಂಡ ನಬಿಸಾಬ್ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ. ಸ್ಟೀಲು ಬಂದು ಅವನ ಕಸುಬನ್ನು ತಿಂದಿತು, ಬೀಡಿ ಅವನನ್ನು ತಿಂದಿತು. ಉಳಿದದ್ದು ಈಕೆ, ಮತ್ತು ಅತ್ತೆಯಿಂದ ಬಂದ ಈ ಅಂಜಿಕೆ ತೆಗೆಯುವ ವಿದ್ಯೆ.

ವಿದ್ಯೆ ಅಂದರೆ ಇಷ್ಟೇ. ಕ್ಷೌರದಂಗಡಿಯಲ್ಲಿ ಗಡ್ಡ ಕೆರೆದ ಮೇಲೆ ತಿಕ್ಕುತ್ತಾರಲ್ಲ, ಆ ಪಟಿಕದ ಒಂದು ಹರಳನ್ನು ಮಗುವಿನ ನೆತ್ತಿಯಿಂದ ಪಾದದವರೆಗೆ ಇಳಿಸಿ ಕೆಂಡಕ್ಕೆ ಹಾಕುವುದು. ಅದು ಕುದ್ದು, ಉಬ್ಬಿ, ಚುರುಮುರಿಯಂತೆ ಹಗುರವಾಗಿ ಏನೋ ಒಂದು ಆಕಾರಕ್ಕೆ ಬರುತ್ತದೆ. ಮಗು ಯಾವುದಕ್ಕೆ ಅಂಜಿದೆಯೋ ಅದರದೇ ಆಕಾರ ಎಂದು ಜನ ನಂಬುತ್ತಾರೆ. ನಾನು ನಂಬುವುದಿಲ್ಲ. ಕಾಯಿಸಿದರೆ ಉಬ್ಬುವುದು ಪಟಿಕದ ಗುಣ, ಅಷ್ಟೇ. ಬುದ್ಧವಂದನೆ ಮಾಡುವ ಮನೆಯವಳು ನಾನು, ದೃಷ್ಟಿ-ಗಾಳಿ ನನಗೆ ಆಗಿಬರುವುದಿಲ್ಲ. ಆದರೂ ಕೆಂಡ ಮಾತ್ರ ನನ್ನ ಮನೆಯದೇ. ಓಣಿಯಲ್ಲೆಲ್ಲ ಗ್ಯಾಸು ಬಂದ ಮೇಲೆ ನನ್ನ ನೀರೊಲೆಯೊಂದೇ ಉಳಿದಿದೆ. "ಮಾನಮ್ಮಾ, ನಾಕು ಕೆಂಡ ತಾ" ಎಂದು ಆಕೆ ಗೋಡೆಯಾಚೆಯಿಂದ ಕೂಗಿದರೆ ಬೈಯುತ್ತಲೇ ಒಯ್ದು ಕೊಡುತ್ತೇನೆ.

ಪಟಿಕ ಸುಡುವವರು ಬೇರೆಯವರೂ ಇದ್ದಾರೆ. ಅವರು ಮಗುವಿನ ಮುಖವನ್ನೂ ನೋಡದೆ "ನಾಯಿಗಿ ಅಂಜ್ಯಾದ" ಎಂದುಬಿಡುತ್ತಾರೆ. ಊರಿನ ಎಲ್ಲ ಮಕ್ಕಳಿಗೂ ಅದೇ ನಾಯಿ. ಜಾಹೇದಾಬಿಯೂ ಮೊದಲು ಹಾಗೇ ಹೇಳುತ್ತಿದ್ದಳು. ಕಣ್ಣಿಗೆ ಪೊರೆ ಬಂದು ಆಕಾರ ಕಾಣದಾದಾಗ ಬೇರೆ ದಾರಿಯಿಲ್ಲದೆ ಮಕ್ಕಳನ್ನೇ ಕೇಳತೊಡಗಿದಳು: "ನಂಗ ಕಾಣಂಗಿಲ್ಲ ಬೇಟಾ. ನೀನೇ ನೋಡಿ ಹೇಳು, ಏನದ ಅದು?"

ಮಕ್ಕಳು ಹೇಳಿದವು. ಒಬ್ಬನಿಗೆ ಲೆಕ್ಕದ ಮಾಸ್ತರರು ಕಂಡರು. ಒಬ್ಬಳಿಗೆ ಆಗಷ್ಟೇ ಹುಟ್ಟಿದ ತಮ್ಮ ಕಂಡ. "ಅವನ್ನ ಒಯ್ದು ದವಾಖಾನಿಗೇ ಕೊಟ್ಟು ಬರ್ರಿ" ಎಂದಿತು ಆ ಹುಡುಗಿ. ನಾನು ನಕ್ಕೆ, ಜಾಹೇದಾಬಿ ನಗಲಿಲ್ಲ. "ಸಿಟ್ಟು ಬಂದದ ಹೌದಿಲ್ಲ? ಬರತದ" ಎಂದಳು. ಆಮೇಲೆ ಆ ಪಟಿಕವನ್ನು ಹುಡುಗಿಯ ಕೈಗೇ ಕೊಟ್ಟು, ಪುಡಿ ಮಾಡಿಸಿ ಬೀದಿಗೆ ತೂರಿಸಿ, ಒಂದು ಬಾಳೆಹಣ್ಣು ತಿನ್ನಿಸಿದಳು. ಹೊರಗಿದ್ದ ತಾಯಿಯನ್ನು ಕರೆದು, ಮಗು ಹೇಳಿದ್ದನ್ನು ಹೇಳಿದ ಹಾಗೇ ಒಪ್ಪಿಸಿದಳು. ಅಂದಿನಿಂದ ಇದೇ ಆಕೆಯ ರೀತಿಯಾಯಿತು. ಪೊರೆ ತೆಗೆಸಿ ಕಣ್ಣು ಬಂದ ಮೇಲೂ "ಕಾಣಂಗಿಲ್ಲ" ಎಂಬ ನಾಟಕ ಬಿಡಲಿಲ್ಲ. ಸುಳ್ಳಿ ಎಂದು ನಾನು ಕಾಡಿಸಿದರೆ, "ಮಕ್ಕಳ ಮುಂದ ನಾ ಹೇಳೋದು ಅದೊಂದೇ ಸುಳ್ಳು" ಎನ್ನುತ್ತಿದ್ದಳು.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅಂಜನಾ ಬಂದಳು. ನಮ್ಮ ಓಣಿಯಲ್ಲೇ ಬೆಳೆದವಳು, ಕಲಬುರಗಿಯ ಕುಸನೂರಿಗೆ ಕೊಟ್ಟಿತ್ತು. ಗಂಡ ಸುಧಾಕರ ಟಂಟಂ ಆಟೋ ಓಡಿಸುತ್ತಿದ್ದ, ಬೇಸಿಗೆಯಲ್ಲಿ ರಿಂಗ್ ರೋಡಿನಲ್ಲಿ ಲಾರಿ ಬಡಿದು ಸತ್ತ. ಈಗ ಅವಳು ಜಗತ್ ಸರ್ಕಲ್ ಹತ್ತಿರದ ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ಸೀರೆ ತೋರಿಸುತ್ತಾಳೆ, ಮಡಚುತ್ತಾಳೆ. ಜೊತೆಯಲ್ಲಿ ಏಳು ವರ್ಷದ ಮಗಳು ಕಾವೇರಿ ಇದ್ದಳು. ಅಪ್ಪ ಹೋದಾಗಿನಿಂದ ಆ ಹುಡುಗಿ ಶಾಲೆಯಲ್ಲಿ ಕಂಡಕಂಡವರನ್ನು ಕಚ್ಚುತ್ತಾಳಂತೆ, ಊಟದ ಡಬ್ಬಿ ಎಸೆಯುತ್ತಾಳಂತೆ, ಸಂಜೆಯಾದರೆ ಕಿರುಚುತ್ತಾಳಂತೆ.

"ಮನಸಿನ ಡಾಕ್ಟರ್ ಕಡಿ ತೋರಿಸ್ರಿ ಅಂತಾರ್ರಿ ಸಾಲ್ಯಾಗ. ಹುಚ್ಚಿ ಅಂತ ಹೆಸರು ಬಿದ್ದರ ಏನ್ ಮಾಡ್ಲಿ?" ಎಂದು ಅಂಜನಾ ನನ್ನ ಮುಂದೆ ಅತ್ತಳು. ಅಪ್ಪನ ಸುದ್ದಿಯನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲವಂತೆ, ಹುಡುಗಿ ಎತ್ತಿದರೆ ಬಾಯಿ ಮುಚ್ಚಿಸುತ್ತಾರಂತೆ. ದೊಡ್ಡವರ ಬುದ್ಧಿ ಇಷ್ಟೇ ನೋಡಿ.

ಅಂಜನಾಳನ್ನು ಹೊರಗೆ ಕಟ್ಟೆಯ ಮೇಲೆ ಕೂರಿಸಿ ನಾನು ಕೆಂಡ ಹಿಡಿದು ಒಳಗೆ ಹೋದೆ. ಪಟಿಕ ಇಳಿಸುವಾಗ ಹುಡುಗಿಯ ಫ್ರಾಕು ಸರಿಯಿತು. ತೊಡೆಯ ಮೇಲೆ ಬಾಸುಂಡೆಗಳಿದ್ದವು. ಜಾಹೇದಾಬಿಯೂ ನೋಡಿದಳು, ನಾನೂ ನೋಡಿದೆ. ಹರಳು ಉಬ್ಬಿ ತಣ್ಣಗಾಯಿತು.

"ಏನದ ಬೇಟಾ?"

ಕಾವೇರಿ ಬಹಳ ಹೊತ್ತು ನೋಡಿದಳು. "ಅವ್ವ" ಎಂದಳು.

"ಅವ್ವ ಏನ್ ಮಾಡಾಕತ್ತಾಳ?"

"ಹೊಡ್ಯಾಕತ್ತಾಳ. ಹೊಡದು, ಆಮ್ಯಾಲ ಆಕೀನೇ ಅಳತಾಳ."

ಜಾಹೇದಾಬಿ ರೂಢಿಯಂತೆ ಪಟಿಕವನ್ನು ಅವಳ ಮುಂದೆ ಹಿಡಿದಳು. "ತಗೋ, ಪುಡಿ ಮಾಡು. ಅಂಜಿಕಿ ಹೋಗತದ." ಹುಡುಗಿ ಎರಡೂ ಕೈಗಳನ್ನು ಬೆನ್ನ ಹಿಂದಕ್ಕೆ ಒಯ್ದಳು.

"ಬ್ಯಾಡ್ರಿ ಅಜ್ಜಿ, ಮುರೀಬ್ಯಾಡ್ರಿ. ಅಪ್ಪನೂ ಇಲ್ಲ."

ಅಷ್ಟರಲ್ಲಿ ಅಂಜನಾ ತಾನೇ ಬಾಗಿಲಿಗೆ ಬಂದು ನಿಂತಳು. "ಏನ್ ಬಂತ್ರಿ ಖಾಲಾ?"

ಹೇಳಿದರೆ ಇವತ್ತು ಕುಸನೂರಿನ ಅವರ ಒಂದೇ ಕೋಣೆಯ ಮನೆಯಲ್ಲಿ, ಬಾಗಿಲು ಹಾಕಿದ ಮೇಲೆ, ಈ ಹುಡುಗಿಗೆ ಏನು ಕಾದಿದೆಯೋ ಎಂದು ನನಗೂ ಹೊಳೆಯಿತು. ಜಾಹೇದಾಬಿ ಪಟಿಕವನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

"ನಾಯಿ" ಎಂದಳು.

ಕಾವೇರಿ ಆಕೆಯ ಮುಖವನ್ನೇ ನೋಡಿದಳು. ಆಮೇಲೆ ತಾಯಿಯ ಕಡೆ ತಿರುಗಿ, "ಹೌದವ್ವ, ನಾಯಿ" ಎಂದಳು. ಬಾಳೆಹಣ್ಣು ಕೊಟ್ಟರೆ ಮುಟ್ಟಲಿಲ್ಲ. ತಾಯಿ-ಮಗಳು ಬಸ್ಸು ಹತ್ತಿ ಹೋದರು.

ಜಾಹೇದಾಬಿ ಮರುದಿನ ಬುಟ್ಟಿ ಎತ್ತಲಿಲ್ಲ. "ಒಳ್ಳೇದಕ್ಕ ಹೇಳಿದಿ, ಬಿಡು" ಎಂದು ನಾನು ಸಮಾಧಾನ ಹೇಳಹೋದರೆ ನನ್ನ ಮೇಲೇ ಹರಿಹಾಯ್ದಳು. "ಒಳ್ಳೇದು ಯಾರಿಗಿ? ಆ ಕೂಸು ನನ್ನ ಹ್ಯಾಂಗ ನೋಡ್ತು ನೋಡಿದ್ಯಾ? ಒಬ್ಬರಿಗಿ ಖರೇ ಹೇಳಿತ್ತು. ಆ ಒಬ್ಬಾಕಿನೂ ನಾಯಿ ಅಂದಳು." ಅಂಜನಾಳ ಅಂಗಡಿಗೆ ರಜೆ ಇರುವ ದಿನ ನೋಡಿ ಇಬ್ಬರೂ ಕುಸನೂರಿಗೆ ಹೋದೆವು. ಕಾವೇರಿ ಹೊರಗೆ ನಲ್ಲಿಯ ಹತ್ತಿರ ಆಡುತ್ತಿದ್ದಳು. ಜಾಹೇದಾಬಿ ಚಹಾ ಬೇಡವೆಂದಳು. "ಅಂದು ಕಂಡದ್ದು ನಾಯಿ ಅಲ್ಲ ಬೇಟಿ. ನೀನು" ಎಂದು ನೇರ ಹೇಳಿಬಿಟ್ಟಳು.

ಅಂಜನಾ ಕೂಗಾಡುತ್ತಾಳೆಂದು ನಾನು ಸೆರಗು ಸಿಕ್ಕಿಸಿಕೊಂಡು ತಯಾರಾಗಿದ್ದೆ. ಅವಳು ಕೂಗಲಿಲ್ಲ, ಗೋಡೆಗೆ ಒರಗಿ ಕೂತಳು.

"ಕೈ ತಾನ ಏಳತದ್ರಿ ಖಾಲಾ. ಹಗಲೆಲ್ಲಾ ನಕ್ಕೋಂತ ಗಿರಾಕಿಗೋಳಿಗಿ ಸೀರಿ ತೋರಿಸ್ತೀನಿ. ಮನಿಗಿ ಬಂದ್ರ ಇಕಿ ಅಪ್ಪಾ ಅಂತ ಒದರತಾಳ. ನಾ ಯಾರನ್ನ ಒದರಲಿ?"

"ಅಳಬೇಕು ಅನಿಸಿದ್ರ ಇಬ್ರೂ ಕೂಡಿ ಅಳ್ರಿ. ಅವನ ಹೆಸರು ತಗೊಂಡು ಅಳ್ರಿ. ಹೊಡೀಬ್ಯಾಡ. ಡಾಕ್ಟರ್ ಕಡಿ ನಾನೂ ಸಂಗಾಟ ಬರ್ತೀನಿ, ಯಾರು ಹುಚ್ಚಿ ಅಂತಾರ ನೋಡ್ತೀನಿ."

ಅಂಜನಾ ಸೆರಗಿನಿಂದ ಮುಖ ಒರೆಸಿಕೊಂಡು ಮಗಳನ್ನು ಕರೆದಳು. ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಹಿಡಿದು ಕೂತಳು.

"ಪಟಿಕದಾಗ ಏನ್ ಕಂಡಿತ್ತು, ಖರೇ ಹೇಳು. ನಾ ಹೊಡ್ಯಂಗಿಲ್ಲ."

ಕಾವೇರಿ ಮೊದಲು ತಾಯಿಯ ಕೈಗಳು ಎಲ್ಲಿವೆ ಎಂದು ನೋಡಿದಳು. ಆಮೇಲೆ ಜಾಹೇದಾಬಿಯ ಮುಖ ನೋಡಿದಳು.

"ನಾಯಿ" ಎಂದಳು.

"ಅಲ್ಲವ್ವ, ಖರೇ ಹೇಳು. ನಿಂಗೇನೂ ಅನ್ನಂಗಿಲ್ಲ." ಅಂಜನಾಳ ದನಿ ಒಡೆದು ಅಳು ಬಂತು.

ಹುಡುಗಿ ಹೆದರಿದಳು. ಹತ್ತಿರ ಹೋಗಿ, ಒದ್ದೆ ಅಂಗೈಯಿಂದ ತಾಯಿಯ ಕೆನ್ನೆ ಒರೆಸಿ ಹೇಳಿದಳು: "ನಾಯೀನೇ ಅವ್ವ. ಅಳಬ್ಯಾಡ, ಅದು ಕಚ್ಚಂಗಿಲ್ಲ."